ಇನ್‌ಸ್ಟೆಡ್ ಆಫ್ ಅಂದ್ರ ಬದ್ಲಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ಫೋನ್ ಮಾಡಿದವನು ನಾನೇ. ಧ್ವನಿ ಮಾತ್ರ ನನ್ನದಲ್ಲ, ಶಿಕ್ಷಣ ಇಲಾಖೆಯ ಕಚೇರಿಯ ಕ್ಲಾರ್ಕನದು. ಅಂಥ ಕ್ಲಾರ್ಕ್ ಒಬ್ಬ ಇದ್ದನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ...

ಮೊನ್ನೆ ರಾಯಬಾಗದ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದಲ್ಲಿ ಕುಳಿತವರು ಪೇಢಾದ ಡಬ್ಬಿ ಬಿಚ್ಚಿದರು. ಏಲಕ್ಕಿಯ ವಾಸನೆ ಬಂದದ್ದೇ ತಡ, ನಮ್ಮ ಇಂಗ್ಲಿಷ್ ಸರ್ ಕಣ್ಣ ಮುಂದೆ ಬಂದು ನಿಂತರು. "ತಗೋರಿ ತಮ್ಮಾ" ಅಂದರು ಪಕ್ಕದವರು. ಬೇಡವೆಂದೆ. ಪುಕ್ಕಟೆ ಸಿಕ್ಕಿದ್ದನ್ನು ಬಿಡುವ ಜಾತಿಯವನಲ್ಲ ನಾನು. ಆದರೆ ಪೇಢಾ ಮಾತ್ರ ಎಂಟು ವರ್ಷದಿಂದ ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ನಾನಾಗ ಉಗಾರದ ಹತ್ತಿರದ ಹೈಸ್ಕೂಲಿನಲ್ಲಿ ಹತ್ತನೇ ಇಯತ್ತೆ. ಓದಿನಲ್ಲಿ ಅಷ್ಟಕ್ಕಷ್ಟೆ, ಅಣಕಿನಲ್ಲಿ ಮೊದಲ ನಂಬರು. ಹೆಡ್‌ಮಾಸ್ತರರ ಗುಡುಗು, ಕಬ್ಬಿನ ಟ್ರ್ಯಾಕ್ಟರಿನ ಗುಡುಗು, ಎರಡನ್ನೂ ತೆಗೆಯುತ್ತಿದ್ದೆ. ಬಹಳ ಸಲ ಯಾವುದು ಯಾವುದೆಂದು ನನಗೇ ತಿಳಿಯುತ್ತಿರಲಿಲ್ಲ.

ಸರ್ ನಿಪ್ಪಾಣಿಯವರು. ಹೆಂಡತಿ, ಏಳು ವರ್ಷದ ಮಗಳು ಅಲ್ಲೇ ಇದ್ದರು. ಸರ್ ಇಲ್ಲಿ ಒಂದು ಖೋಲಿ ಹಿಡಿದು ಒಬ್ಬರೇ ಅನ್ನ ಬೇಯಿಸಿಕೊಳ್ಳುತ್ತಿದ್ದರು. ಶನಿವಾರ ಬೆಳಗಿನ ಶಾಲೆ ಮುಗಿದರೆ ಸಾಕು, ಚೀಲ ಬಗಲಿಗೆ ಹಾಕಿಕೊಂಡು ಬಸ್ಸಿಗೆ ಓಡುತ್ತಿದ್ದರು. ಊರ ಕಡೆ ಬದ್ಲಿ ಮಾಡಿಕೊಡಿ ಎಂದು ವರ್ಷ ವರ್ಷ ಅರ್ಜಿ ಹಾಕುತ್ತಲೇ ಇದ್ದರು. ವರ್ಗಾವಣೆಗೆ ನಮ್ಮ ಕಡೆ ಬದ್ಲಿ ಅನ್ನುತ್ತಾರೆ. ಒಂದರ ಬದಲಿಗೆ ಇನ್ನೊಂದು ಅನ್ನುವುದಕ್ಕೂ ಬದ್ಲಿಯೇ. ನಮ್ಮ ಇಂಗ್ಲಿಷ್ ಹಾಳಾದದ್ದು ಇಲ್ಲಿಯೇ.

"ಇನ್‌ಸ್ಟೆಡ್ ಆಫ್ ಅಂದ್ರ ಬದ್ಲಿ," ಎಂದು ಸರ್ ಬೋರ್ಡಿನ ಮೇಲೆ ಬರೆದರು. "ಈಗ ಒಬ್ಬೊಬ್ಬರ ಒಂದೊಂದ ವಾಕ್ಯ ಹೇಳ್ರಿ."

ನಾನು ಎದ್ದು ನಿಂತು ಹೇಳಿದೆ: "ಅವರ್ ಹಿಂದಿ ಸರ್ ಬಿಕೇಮ್ ಇನ್‌ಸ್ಟೆಡ್ ಆಫ್." ನಮ್ಮ ಹಿಂದಿ ಸರ್ ಬದ್ಲಿ ಆದ್ರು!

ಸರ್ ನಕ್ಕು ನಕ್ಕು ಖುರ್ಚಿಯ ಮೇಲೆ ಕುಳಿತರು. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. "ಅರೆ ದೇವಾ! ಲೇ, ಇದು ಆ ಬದ್ಲಿ ಅಲ್ಲೋ. ಆಫ್ ಬೆನ್ನಿಗೆ ಒಂದ ಹೆಸರು ಬರಬೇಕು. ಇಲ್ಲಂದ್ರ ಕ್ರಿಯಾಪದಕ್ಕ ಐಎನ್‌ಜಿ ಬಾಲ ಹಚ್ಚಬೇಕು. ಇನ್‌ಸ್ಟೆಡ್ ಆಫ್ ಗೋ ಅಲ್ಲ, ಗೋಯಿಂಗ್!" ಆ "ಗೋಯಿಂಗ್" ಮೂಗಿನಿಂದ ಹೊರಟು ಕಿಟಕಿ ದಾಟಿ ಹೋಗುತ್ತಿತ್ತು. ಮಧ್ಯಾಹ್ನದ ಬಿಡುವಿನೊಳಗೆ ಅದನ್ನು ಕೆಮ್ಮು ಸಮೇತ ಕಲಿತುಬಿಟ್ಟೆ.

ಅದೇ ವಾರ ಕಾಕಾನ ಮೊಬೈಲಿನಿಂದ ಸರ್‌ಗೆ ಫೋನ್ ಹಚ್ಚಿದೆ. ಬಾಯಲ್ಲಿ ಎಲೆ ಅಡಿಕೆ ಇದ್ದವನಂತೆ, "ನಿಮ್ದ ನಿಪ್ಪಾಣಿಗಿ ಬದ್ಲಿ ಆಗೇತ್ರಿ ಸರ್. ಆರ್ಡರ್ ಬರ್ತೇತಿ," ಅಂದೆ. ನಾಲ್ಕು ಸಲ ಥ್ಯಾಂಕ್ಯೂ ಅಂದರು. ಐದನೆಯ ಸಲಕ್ಕೆ ಅವರ ಧ್ವನಿ ಒಡೆಯಿತು. ನಾನು ಫೋನ್ ಕತ್ತರಿಸಿ ಬಿದ್ದು ಬಿದ್ದು ನಕ್ಕೆ.

ಮರುದಿನ ಸರ್ ಪೇಢಾ ಹಂಚಿದರು. ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು. "ನನ್ನ ಮಗಳು ಗಲ್ಲಿ ತುಂಬ ಹೇಳಿಕೊಂಡ ಬಂದಾಳ, ನಮ್ಮ ಪಪ್ಪಾ ಇನ್ನ ದಿನಾ ಮನಿಗೆ ಬರ್ತಾರ ಅಂತ," ಅಂದರು. ನಾನು ಎರಡು ಪೇಢಾ ತಗೊಂಡಿದ್ದೆ. ಒಂದು ಬಾಯಲ್ಲೇ ಉಳಿಯಿತು...

ಸಂಜೆ ಗಂಟೆ ಹೊಡೆದ ಮೇಲೆ ಸರ್ ಕೈಗೆ ಒಂದು ಚೀಟಿ ಕೊಟ್ಟೆ. ಊರೆಲ್ಲರ ಧ್ವನಿ ತೆಗೆಯುವ ನನಗೆ ಅವತ್ತು ನನ್ನ ಧ್ವನಿಯೇ ಬರಲಿಲ್ಲ. ಅದಕ್ಕೇ ಇಂಗ್ಲಿಷಿನಲ್ಲಿ ಬರೆದಿದ್ದೆ: ಸರ್, ಇನ್‌ಸ್ಟೆಡ್ ಆಫ್ ಕ್ಲಾರ್ಕ್ ಐ ಫೋನ್.

ಸರ್ ಓದಿದರು. ಇನ್ನೊಮ್ಮೆ ಓದಿದರು. ಹೊಡೆಯುತ್ತಾರೆಂದು ನಾನು ಕೆನ್ನೆ ಗಟ್ಟಿ ಮಾಡಿಕೊಂಡೆ. ಅವರು ಜೇಬಿನಿಂದ ಕೆಂಪು ಪೆನ್ನು ತೆಗೆದು, ಕ್ಲಾರ್ಕಿಗೆ ಮೊದಲು ಒಂದು "ದಿ" ಸೇರಿಸಿದರು, ಫೋನಿನ ಕೊನೆಗೆ ಒಂದು "ಡಿ". ಆಮೇಲೆ ಮನೆಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು.

"ಮಗಳು ತಗೋತಾಳ. ನನಗ ಹೇಳಾಕ ಆಗೂದಿಲ್ಲ. ನನ್ನ ಬದ್ಲಿ ನೀ ಹೇಳು. ನಿನ್ನ ಧ್ವನ್ಯಾಗ ಹೇಳು."

ಹೇಳಿದೆ. ಬದ್ಲಿ ಸುಳ್ಳು, ನಾನೇ ಮಾಡಿದ್ದು, ನಿಮ್ಮ ಪಪ್ಪಾ ಇನ್ನು ಮುಂದೆಯೂ ಶನಿವಾರವೇ ಬರುತ್ತಾರೆ ಅಂತ. ಅತ್ತ ಮೂಗು ಎಳೆದುಕೊಳ್ಳುವ ಸಪ್ಪಳ ಕೇಳಿತು. ಹುಡುಗಿ ಅಳಬಾರದಲ್ಲ ಎಂದು ನನ್ನ ಹತ್ತಿರ ಇದ್ದ ಒಂದೇ ಒಂದು ವಿದ್ಯೆ ತೆಗೆದೆ: "ಪಪ್ಪಾನ ನೆನಪಾದಾಗ ನನಗ ಫೋನ್ ಹಚ್ಚವ್ವಾ, ಥೇಟ್ ಅವರಂಗಽ ಮಾತಾಡ್ತೇನಿ." ಸರ್‌ರ ಮೂಗಿನಲ್ಲೇ ಒಂದು "ಗೋಯಿಂಗ್" ಅಂದೂ ತೋರಿಸಿದೆ. ಅವಳು ಒಂದು ಮಾತು ಹೇಳಿ ಫೋನ್ ಇಟ್ಟಳು. ಸರ್ ಮುಖ ತಿರುಗಿಸಿ ನಿಂತಿದ್ದರು.

ಆಮೇಲೆ ಸರ್ ಆ ವಿಷಯ ಎತ್ತಲೇ ಇಲ್ಲ. ಎರಡು ವರ್ಷಕ್ಕೆ ನಿಜವಾದ ಬದ್ಲಿ ಆಯಿತು. ಮನೆಯಲ್ಲಿ ಮಗಳ ಜೊತೆ ದಿನಾ ಉಂಡದ್ದು ಆರೇ ವರ್ಷ.

ಹೋದ ತಿಂಗಳು ಸರ್ ತೀರಿಕೊಂಡರು. ಹಳೆಯ ಹುಡುಗರು ಕೂಡಿ ನಿಪ್ಪಾಣಿಗೆ ಅವರ ಮನೆಯವರನ್ನು ಮಾತಾಡಿಸಲು ಹೋದೆವು. ನಾನೀಗ ಮದುವೆಗಳಲ್ಲಿ ಮಿಮಿಕ್ರಿ ಮಾಡಿ ಹೊಟ್ಟೆ ಹೊರೆಯುತ್ತೇನೆ, ಎಲ್ಲರಿಗೂ ಗೊತ್ತು. ಗೆಳೆಯನೊಬ್ಬ ಮೊಣಕೈಯಿಂದ ತಿವಿದ: "ಲೇ, ಒಮ್ಮೆ ಸರ್ ಧ್ವನಿ ತಗಿಯೋ. ಮನಿಯವ್ರಿಗೂ ಹಗುರ ಆಗ್ತೇತಿ."

ಮೂಗು ಸಿದ್ಧವಿತ್ತು, ಕೆಮ್ಮು ಸಿದ್ಧವಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಚಹಾ ತಂದ ಮಗಳು ನನ್ನನ್ನು ನೋಡಿದಳು. ಈಗ ಅವಳೂ ಹತ್ತನೇ ಇಯತ್ತೆ. ಬಾಯಿ ಮುಚ್ಚಿಕೊಂಡು ಚಹಾ ತಗೊಂಡೆ. ಅವಳು ಹೇಳಬೇಕಾದ್ದನ್ನು ಎಂಟು ವರ್ಷದ ಹಿಂದೆ, ಆ ಫೋನಿನಲ್ಲೇ ಹೇಳಿ ಮುಗಿಸಿದ್ದಳು:

"ಪಪ್ಪಾನ ಬದ್ಲಿ ಯಾರೂ ಬ್ಯಾಡ ನನಗ. ಪಪ್ಪಾನಽ ಬೇಕು."