ಸುರಗಿಕೊಡ್ಲ ಎಂಬ ಸವತಿ

ಹುಮನಾಬಾದಿನ ಹಳೆ ಪೇಟೆಯ ಹಿಂದಿನ ಓಣಿಯಲ್ಲಿ ಸುಂದರಬಾಯಿಯ ಹಿಟ್ಟಿನ ಗಿರಣಿ ಇದೆ. ಅದು ಅವಳ ಮಾವ ಹಾಕಿದ್ದು. ಮಾವ ತೀರಿಕೊಂಡ ಮೇಲೆ ಅದನ್ನು ನಡೆಸಬೇಕಾದವನು ಗಂಡ ಕಾಶಿರಾಮ. ಆದರೆ ಅದೇ ವರ್ಷ ಅವನಿಗೆ ಬಸ್ ಕಂಡಕ್ಟರನ ನೌಕರಿ ಸಿಕ್ಕು, ಕರಾವಳಿಯ ಒಂದು ಡಿಪೋಕ್ಕೆ ಹಾಕಿದರು. ಅತ್ತೆ ಹಾಸಿಗೆ ಹಿಡಿದಿದ್ದಳು, ಮಗಳು ಮನೀಷಾ ಇನ್ನೂ ತೊಟ್ಟಿಲಲ್ಲಿದ್ದಳು. ಇಬ್ಬರನ್ನೂ ಬಿಟ್ಟು ಸುಂದರಬಾಯಿ ಗಂಡನ ಹಿಂದೆ ಹೋಗುವಂತಿರಲಿಲ್ಲ. “ವರ್ಷದಾಗ ಬದಲಿ ಮಾಡಿಸ್ಕೊಂಡು ಬರ್ತೀನಿ” ಎಂದು ಹೇಳಿ ಕಾಶಿರಾಮ ಕಬ್ಬಿಣದ ಟ್ರಂಕು ಹೊತ್ತು ಹೋದ. ತಿರುಗಿ ಬರಲು ಅವನಿಗೆ ಹನ್ನೊಂದು ವರ್ಷ ಹಿಡಿಯಿತು.

ಸುಂದರಬಾಯಿ ಮುಡಬಿಯ ಒಕ್ಕಲುತನದ ಮನೆಯಿಂದ ಬಂದವಳು. ಯಂತ್ರದ ಗಂಧಗಾಳಿ ಇರಲಿಲ್ಲ. ಆದರೂ ಮೋಟಾರಿನ ಪಟ್ಟಿ ಹರಿದರೆ ಜೋಡಿಸುವುದನ್ನು, ಸವೆದ ಕಲ್ಲನ್ನು ಎತ್ತಿ ಉಳಿಯಿಂದ ಹರಿತ ಮಾಡುವುದನ್ನು ಕಲಿತಳು. ಜೋಳ ಬೀಸಿದ ಮೇಲೆ ಕಡಲೆ, ಕಡಲೆ ಬೀಸಿದ ಮೇಲೆ ಗೋದಿ ಎಂದು ಸರದಿ ಹಚ್ಚಿದಳು. ರೆಪ್ಪೆಯ ಮೇಲೆ ಹಿಟ್ಟು ಕೂತು ಅವಳ ಕಣ್ಣುಗಳು ಸದಾ ಮುದುಕಿಯ ಕಣ್ಣಿನಂತೆ ಕಾಣುತ್ತಿದ್ದವು. ಅತ್ತೆಯ ಮಣ್ಣು ಮಾಡಿದ್ದೂ ಅವಳೇ ಮುಂದೆ ನಿಂತು. ಕಾಶಿರಾಮ ಮರುದಿನ ಬಂದು ಮುಟ್ಟಿದ.

ಆ ಹನ್ನೊಂದು ವರ್ಷ ಕಾಶಿರಾಮ ಮಲಗಿ ಎದ್ದದ್ದು ಸುರಗಿಕೊಡ್ಲ ಎಂಬ ಸಮುದ್ರದ ದಂಡೆಯ ಸಣ್ಣ ಊರಿನಲ್ಲಿ. ಅವನದು ವಸ್ತಿ ಬಸ್ಸು. ಸಂಜೆ ಕೊನೆಯ ಫೇರಿಗೆ ಆ ಊರಿಗೆ ಹೋಗಿ, ರಾತ್ರಿ ಅಲ್ಲೇ ನಿಂತು, ಬೆಳಿಗ್ಗೆ ಮೊದಲ ಫೇರಿಗೆ ಹೊರಡುವ ಬಸ್ಸು. ಬಸ್ಸು ನಿಲ್ಲುವ ಕಟ್ಟೆಯ ಎದುರು ಮಾದೇವಿ ಎಂಬಾಕೆಯ ಚಹಾದಂಗಡಿ ಇತ್ತು. ಡ್ರೈವರ್ ಕಂಡಕ್ಟರ್ ಇಬ್ಬರೂ ಉಣ್ಣುತ್ತಿದ್ದುದು ಅಲ್ಲಿ, ಮಲಗುತ್ತಿದ್ದುದು ಅವಳ ಮನೆಯ ಜಗಲಿಯಲ್ಲಿ. ಮಾದೇವಿಯ ಅಪ್ಪ ಬೊಮ್ಮಯ್ಯ ಹೊಳೆ ಕಡಲು ಸೇರುವ ಬಾಯಲ್ಲಿ ದೋಣಿ ದಾಟಿಸುವ ಅಂಬಿಗ.

ನಾಲ್ಕು ವರ್ಷದ ಹಿಂದೆ ಕೊನೆಗೂ ಹುಮನಾಬಾದ ಡಿಪೋಕ್ಕೆ ಬದಲಿ ಆಗಿ ಕಾಶಿರಾಮ ಮನೆಗೆ ಬಂದ. ಆ ಸಂಜೆ ಸುಂದರಬಾಯಿ ಗಿರಣಿಯನ್ನು ಬೇಗ ಮುಚ್ಚಿ, ತಲೆ ತೊಳೆದುಕೊಂಡು, ಬಿಸಿ ರೊಟ್ಟಿ, ಪುಂಡಿಪಲ್ಯೆ ಮಾಡಿ ಬಡಿಸಿದಳು. ಎರಡು ತುತ್ತು ಉಂಡು ಅವನು ಬಾಗಿಲ ಕಡೆ ನೋಡಿದ.

“ಈಗ ಅಲ್ಲಿ ಗಾಳಿ ತಿರುಗತದ ನೋಡು. ದಿನಾ ಪೂರ್ತಿ ಕಡಲಿಂದ ಬೀಸಿದ್ದು ಕತ್ತಲಾತು ಅಂದ್ರ ನೆಲದಿಂದ ಕಡಲಿಗಿ ಹೋಗ್ತದ.”

“ರೊಟ್ಟಿ ಆರಾಕತ್ತದ, ಉಣ್ರಿ” ಎಂದಳು ಸುಂದರಬಾಯಿ. ಎದ್ದು ಬಾಗಿಲು ಮುಂದೆ ಮಾಡಿದಳು.

ಮರುದಿನದಿಂದ ಅದೇ ನಡೆಯಿತು. ಡ್ಯೂಟಿ ಇಲ್ಲದಾಗ ಕಾಶಿರಾಮ ಗಿರಣಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಹಿಟ್ಟಿಗೆ ಕಾಯುವ ಹೆಂಗಸರಿಗೆ ಸುರಗಿಕೊಡ್ಲದ ಸುದ್ದಿ ಹೇಳುತ್ತಿದ್ದ. ಒಂದು ಕಾಲಕ್ಕೆ ಆ ಊರು ಬಂದರವಾಗಿತ್ತಂತೆ. ಹಾಯಿ ಕಟ್ಟಿದ ಮಚವೆಗಳು ಬಂದು ಅಕ್ಕಿ, ತೆಂಗಿನ ಹಗ್ಗ, ಉಪ್ಪು ತುಂಬಿಕೊಂಡು ಹೋಗುತ್ತಿದ್ದವಂತೆ. ಕೆಂಪು ಕಲ್ಲಿನ ಸುಂಕದ ಮನೆಯ ಗೋಡೆ ಈಗಲೂ ನಿಂತಿದೆ, ಅದರ ಮುಂದೆ ಮಚವೆಯ ಹಗ್ಗ ಕಟ್ಟಲು ಬಾಯಿ ಕೆಳಗೆ ಮಾಡಿ ಹುಗಿದ ತುಕ್ಕು ಹಿಡಿದ ಫಿರಂಗಿ ತೋಪು ಇದೆ. ಒಂದು ದೊಡ್ಡ ನೆರೆಯಲ್ಲಿ ಹೊಳೆ ತನ್ನ ಬಾಯನ್ನೇ ಅರ್ಧ ಮೈಲು ಉತ್ತರಕ್ಕೆ ಸರಿಸಿಕೊಂಡಿತು. ಬಂದರಕ್ಕೆ ಮರಳು ತುಂಬಿತು, ಹಡಗು ಬರುವುದು ನಿಂತಿತು, ಊರು ಸಣ್ಣದಾಯಿತು. ಇದನ್ನೆಲ್ಲ ಬೊಮ್ಮಯ್ಯ ಅವನಿಗೆ ದೋಣಿಯಲ್ಲಿ ಕೂಡಿಸಿಕೊಂಡು ತೋರಿಸಿ ಹೇಳಿದ್ದ. ಚಳಿಗಾಲದಲ್ಲಿ ಆಮೆಗಳು ಮರಳಿಗೆ ಬಂದು ತತ್ತಿ ಇಡುತ್ತವೆ, ಕೆಲವು ರಾತ್ರಿ ತೆರೆ ಒಡೆದಲ್ಲೆಲ್ಲ ನೀಲಿ ಬೆಳಕು ಹೊಳೆಯುತ್ತದೆ ಎಂದರೆ ಹೆಂಗಸರು ಬಾಯಿ ಬಿಟ್ಟು ಕೇಳುತ್ತಿದ್ದರು.

ಬಾಜೂ ಮನೆಯ ಅಕ್ಬರಿಗೆ ಆಮೆಯ ಸುದ್ದಿ ಎಂದರೆ ಎಲ್ಲಿಲ್ಲದ ಇಷ್ಟ. ತನ್ನ ಹಿಟ್ಟು ತಯಾರಾಗಿದ್ದರೂ ಡಬ್ಬಿ ಪಕ್ಕಕ್ಕಿಟ್ಟು ಕೂರುತ್ತಿದ್ದಳು.

“ಕಾಶಿರಾಮ ಭಾಯಿ, ಅವು ತಿರುಗಿ ಅದೇ ಜಾಗಾಕ್ಕೇ ಬರ್ತಾವಂತಲ್ಲ, ಹ್ಯಾಂಗ ಗುರುತು ಹಿಡಿತಾವು?”

“ಅದಾ ನೋಡ್ರಿ ಅಕ್ಬರಿ ಆಪಾ ಮಜಾ…” ಎಂದು ಅವನು ಶುರು ಮಾಡುತ್ತಿದ್ದಂತೆ ಸುಂದರಬಾಯಿ ಮೋಟಾರಿನ ಗುಂಡಿ ಒತ್ತುತ್ತಿದ್ದಳು. ಕಲ್ಲಿನಲ್ಲಿ ಕಾಳಿಲ್ಲದಿದ್ದರೂ ಗಿರಣಿ ಗಡಗಡ ತಿರುಗುತ್ತಿತ್ತು.

ಅವನು ಗದರುತ್ತಿರಲಿಲ್ಲ. ಗದರಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ. ಕಲ್ಲು ನಿಲ್ಲುವ ತನಕ ಕಾದು ಬಿಟ್ಟಲ್ಲಿಂದ ಮತ್ತೆ ಹೇಳುತ್ತಿದ್ದ. ಹೇಳುವಾಗ ಅವನ ಮುಖ ಮದುವೆಯ ವರ್ಷದ ಮುಖದ ಹಾಗೆ ಅರಳುತ್ತಿತ್ತು. ಅದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ನೋಯುತ್ತಿತ್ತು. ತಾನು ಇಲ್ಲಿ ಹಿಟ್ಟು ಕುಡಿದು ಕೆಮ್ಮುವಾಗ ಇವನು ಅಲ್ಲಿ ಆಮೆ ನೋಡುತ್ತಿದ್ದ. ಅತ್ತೆಯನ್ನು ಮಗ್ಗುಲು ಹೊರಳಿಸುವಾಗ ಇವನು ದೋಣಿಯಲ್ಲಿ ಕೂತಿದ್ದ. ಮನೀಷಾ ಮೊದಲ ಸಲ ನಡೆದಾಗ ಇವನು ಎಲ್ಲಿದ್ದ ಎಂದು ಅವಳು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಉತ್ತರ ಪ್ರತಿ ಸಲವೂ ಆ ಊರೇ.

ಮಾದೇವಿಯ ಮೇಲೂ ಸಂಶಯ ಇತ್ತು. ಒಮ್ಮೆ ಅವನ ಮೊಬೈಲಿನಲ್ಲಿ ಅವಳ ಫೋಟೋ ನೋಡಿದ್ದಳು. ಅಂಗಡಿಯ ಮುಂದೆ ನಿಂತ ಕಪ್ಪಗಿನ, ಗಟ್ಟಿಮುಟ್ಟಾದ ಹೆಂಗಸು. ತುರುಬಿಗೆ ಸುರಗಿ ಹೂವಿನ ದಂಡೆ. ಆ ಫೋಟೋವನ್ನು ಸುಂದರಬಾಯಿ ದೊಡ್ಡದು ಮಾಡಿ ನೋಡಿದಳು, ಅವನು ಸ್ನಾನಕ್ಕೆ ಹೋದಾಗೆಲ್ಲ ನೋಡಿದಳು. ಕೊನೆಗೊಂದು ದಿನ ಕೇಳಿಯೂಬಿಟ್ಟಳು.

“ಆ ಮಾದೇವಿ ನಿಮಗ ಏನಾಗಬೇಕು?”

“ಉಣ್ಣಾಕ ಹಾಕಿದಾಕಿ. ತಂಗಿ ಅಂತ ತಿಳ್ಕೊ” ಎಂದ ಕಾಶಿರಾಮ. ಮಾತಿನಲ್ಲಿ ಕಪಟ ಇರಲಿಲ್ಲ. ಅವಳಿಗೂ ಅದು ಗೊತ್ತಾಯಿತು. ಹೆಂಗಸಿನ ಮೇಲಿನ ಸಿಟ್ಟಾದರೆ ಹೇಗಾದರೂ ತೀರಿಸಿಕೊಳ್ಳಬಹುದಿತ್ತು. ಊರಿನ ಮೇಲಿನ ಸಿಟ್ಟನ್ನು ಯಾರ ಮೇಲೆ ತೀರಿಸುವುದು?

ಹೋದ ವರ್ಷ ಮಳೆಗಾಲದ ಕೊನೆಗೆ ಒಂದು ಮಧ್ಯಾಹ್ನ ಗಿರಣಿಯ ಫೋನು ಬಡಿಯಿತು. ಕಾಶಿರಾಮ ಬಸ್ಸಿನ ಮೇಲೆ ಮಹಾರಾಷ್ಟ್ರದ ಕಡೆ ಹೋಗಿದ್ದ. ಆ ಕಡೆಯಿಂದ ಹೆಣ್ಣು ದನಿ.

“ಕಾಶಿರಾಮಣ್ಣನ ಮನೆಯಾ? ನಾನು ಸುರಗಿಕೊಡ್ಲದ ಮಾದೇವಿ. ಅವರ ಫೋನು ಹತ್ತೂದಿಲ್ಲ. ಅಪ್ಪನಿಗೆ ಸೀಕು ಜೋರಾಗಿದೆ ಅಕ್ಕಾ. ಕಾಶಿರಾಮ ಬರ್ಲಿ, ಒಂದ್ ಸಲ ನೋಡ್ತೆ ಅಂತಾನೆ. ಹೇಳ್ತ್ರಾ?”

“ಹೇಳ್ತೀನಿ” ಎಂದಳು ಸುಂದರಬಾಯಿ.

ಹೇಳಬಾರದೆಂದು ಆ ಗಳಿಗೆಯಲ್ಲಿ ಅವಳು ನಿರ್ಧರಿಸಿರಲಿಲ್ಲ. ಸಂಜೆ ಗಂಡ ಬಂದ, ಕೈಕಾಲು ತೊಳೆದ, ಚಹಾ ಕುಡಿದ. ಉಂಡ ಮೇಲೆ ಹೇಳಿದರಾಯಿತು ಎಂದುಕೊಂಡಳು. ಉಣ್ಣುವಾಗ ಅವನು ತಾನಾಗಿಯೇ, “ಈ ಹೊತ್ತಿನಾಗ ಬೊಮ್ಮಯ್ಯ ದೋಣಿ ಎಳೆದು ಮ್ಯಾಲ ಹಾಕ್ತಾನ” ಎಂದ. ಹೇಳಿದರೆ ಇವನು ಇವತ್ತೇ ಹೊರಡುತ್ತಾನೆ, ಹೋದರೆ ಎಷ್ಟು ದಿನವೋ. ನಾಳೆ ಹೇಳೋಣ ಎಂದುಕೊಂಡಳು. ನಾಳೆಯೂ ಹೇಳಲಿಲ್ಲ.

ದೀಪಾವಳಿಗೆ ಶುಭಾಶಯ ಹೇಳಲು ಕಾಶಿರಾಮನೇ ಮಾದೇವಿಗೆ ಫೋನು ಮಾಡಿದ. ಮಾತಾಡುತ್ತ ಹೊರಗೆ ಹೋದವನು ಬಹಳ ಹೊತ್ತಿನ ಮೇಲೆ ಒಳಗೆ ಬಂದ.

“ಬೊಮ್ಮಯ್ಯ ತೀರಿಕೊಂಡನಂತ. ಗಿರಣಿಗಿ ಫೋನ್ ಬಂದಿತ್ತೇನು?”

“ಬಂದಿತ್ತು.”

“ಯಾಕ ಹೇಳಲಿಲ್ಲ?”

ಮರೆತೆ ಎನ್ನಬಹುದಿತ್ತು. ಅವಳ ಬಾಯಿಗೆ ಆ ಸುಳ್ಳು ಬರಲಿಲ್ಲ. “ಹೇಳಿದ್ರ ನೀವು ಹೋಗ್ತಿದ್ರಿ” ಎಂದಳು.

“ಹೋಗ್ತಿದ್ದೆ. ತಿರುಗಿ ಬರ್ತಿದ್ದೆ” ಎಂದ ಕಾಶಿರಾಮ. ಅದರ ನಂತರ ಅವನು ಸುರಗಿಕೊಡ್ಲದ ಹೆಸರೆತ್ತಲಿಲ್ಲ. ಗಿರಣಿಯ ಬಾಗಿಲಲ್ಲಿ ಕೂರುವುದನ್ನೂ ಬಿಟ್ಟ.

ಇದನ್ನೇ ಅಲ್ಲವೇ ಅವಳು ಬೇಡಿದ್ದು? ಆದರೆ ಅದು ಸಿಕ್ಕ ಮೇಲೆ ಅವಳಿಗೆ ಬೇಡವಾಯಿತು. ಅವನು ನೀರು ಕೇಳುತ್ತಿದ್ದ, ಅಂಗಿ ಕೇಳುತ್ತಿದ್ದ. ಬೇರೆ ಮಾತಿಲ್ಲ. ಅಕ್ಬರಿ ಬಂದು, “ಭಾಯಿಗಿ ಏನಾಗ್ಯಾದ? ಹಂಗ್ಯಾಕ ಮುಖ ಸಣ್ಣ ಮಾಡ್ಕೊಂಡಾರ?” ಎಂದರೆ ಸುಂದರಬಾಯಿ ಹಿಟ್ಟಿನ ಡಬ್ಬಿಯ ಮುಚ್ಚಳ ಹುಡುಕುತ್ತಿದ್ದಳು. ಆಗಲೂ ಹೊಟ್ಟೆಕಿಚ್ಚು ಆರಿರಲಿಲ್ಲ. ಬಾಯಿ ಮುಚ್ಚಿದ್ದರೂ ಅವನ ಮನಸ್ಸು ಅಲ್ಲೇ ಇದೆ, ಮೊದಲಾದರೆ ಏನು ನೋಡುತ್ತಿದ್ದಾನೆ ಎಂದಾದರೂ ಹೇಳುತ್ತಿದ್ದ ಎನಿಸುತ್ತಿತ್ತು.

ಡಿಸೆಂಬರಿನಲ್ಲಿ ಅವಳೇ ಮಾತು ತೆಗೆದಳು. “ರಜಾ ಹಾಕ್ರಿ. ಆ ಊರಿಗಿ ಹೋಗಮು. ನಾನೂ ಬರ್ತೀನಿ.”

ಕಾಶಿರಾಮ ಅವಳ ಮುಖ ನೋಡಿದ. ಮರುದಿನ ಡಿಪೋದಲ್ಲಿ ರಜೆಯ ಅರ್ಜಿ ಕೊಟ್ಟು ಬಂದ.

ಕಲಬುರಗಿ, ಹುಬ್ಬಳ್ಳಿ ದಾಟಿ ಘಟ್ಟ ಇಳಿದು ಹೋದರು. ದಾರಿಯುದ್ದಕ್ಕೂ ಸುಂದರಬಾಯಿ ಮನಸ್ಸಿನಲ್ಲಿ ಒಂದೇ ಬೇಡಿದಳು: ಆ ಊರು ಹೊಲಸಾಗಿರಲಿ. ಬಸ್ಸು ಇಳಿದಾಗ ಒಣಮೀನಿನ ನಾತ ಮೂಗಿಗೆ ಬಡಿಯಿತು. ಕಟ್ಟೆಯ ಸುತ್ತ ಪ್ಲಾಸ್ಟಿಕ್ ಚೀಲಗಳು, ಬಾಗಿಲು ಮುಚ್ಚಿದ ನಾಲ್ಕು ಅಂಗಡಿ. ಇಷ್ಟೇನಾ ಎಂದು ಅವಳಿಗೆ ಒಳಗೊಳಗೇ ಖುಷಿಯಾಯಿತು.

ಕೇದಗೆಯ ಬೇಲಿ ದಾಟಿ ತಿರುಗಿದ ಮೇಲೆ ಆ ಖುಷಿ ಉಳಿಯಲಿಲ್ಲ. ಎಡಗಡೆ ಹೊಳೆ ಹಸಿರಾಗಿ, ಮೆಲ್ಲಗೆ ಬಂದು ಕಡಲಿಗೆ ಸೇರುತ್ತಿತ್ತು. ಎರಡು ನೀರು ಕೂಡುವಲ್ಲಿ ಸಣ್ಣ ತೆರೆಗಳು ಒಂದಕ್ಕೊಂದು ಅಡ್ಡ ಬಂದು ಬಿಸಿಲಲ್ಲಿ ಮಿಂಚುತ್ತಿದ್ದವು. ಆಚೆ ದಡದಲ್ಲಿ ಬಾಗಿದ ತೆಂಗಿನ ಸಾಲು, ಅದರ ಹಿಂದೆ ಉಪ್ಪಿನ ಆಗರದ ಬಿಳಿ ಗುಡ್ಡೆಗಳು, ಅದಕ್ಕೂ ಹಿಂದೆ ನೀಲಿ ಘಟ್ಟ. ಬಲಗಡೆ ಕೆಂಪು ಕಲ್ಲಿನ ಸುಂಕದ ಮನೆ. ಅದರ ಕಿಟಕಿಯ ಚೌಕಟ್ಟಿನಲ್ಲಿ ಅರಳಿಯ ಬೇರು ಇಳಿದಿತ್ತು, ಬೇರಿನ ನಡುವೆ ಕಡಲು ಕಾಣುತ್ತಿತ್ತು. ಮುಂದಿನ ತೋಪು ಅವಳು ಎಣಿಸಿದ್ದಕ್ಕಿಂತ ದೊಡ್ಡದು. ಹಗ್ಗ ಉಜ್ಜಿ ಉಜ್ಜಿ ಅದರ ಕೊರಳು ನುಣ್ಣಗಾಗಿತ್ತು. ಸುಂದರಬಾಯಿ ಅದನ್ನು ಕೈಯಿಂದ ಸವರಿದಳು. ಕಾಶಿರಾಮ ಹೇಳಿದ್ದೆಲ್ಲ ಖರೆ. ಅವನು ಕಡಿಮೆಯೇ ಹೇಳಿದ್ದ.

ಅವನು ಆಗಲೇ ಚಪ್ಪಲಿ ಕೈಯಲ್ಲಿ ಹಿಡಿದು ಮರಳಿನ ಮೇಲೆ ಮುಂದೆ ಹೋಗಿದ್ದ. ಬಲೆ ಬಿಡಿಸುತ್ತಿದ್ದವರು ಎದ್ದು ಬಂದು ಅವನ ಹೆಗಲು ಹಿಡಿದರು. ಯಾರೋ ಏನೋ ಹೇಳಿದರು, ಅವನು ನಕ್ಕ. ಹುಮನಾಬಾದಿನಲ್ಲಿ ಅವನು ಹಾಗೆ ನಕ್ಕದ್ದನ್ನು ಅವಳು ನೋಡಿರಲಿಲ್ಲ. ತನಗೆ ಗೊತ್ತಿಲ್ಲದ ಗಂಡಸೊಬ್ಬ ಹನ್ನೊಂದು ವರ್ಷ ಇಲ್ಲಿ ಬದುಕಿದ್ದ.

ಮಾದೇವಿ ಅಂಗಡಿಯ ಹಿಂದೆ ಕಾಯಿ ತುರಿಯುತ್ತಿದ್ದಳು. “ಬನ್ನಿ ಅಕ್ಕಾ, ಕೂತ್ಕಳಿ” ಎಂದು ಮಣೆ ಕೊಟ್ಟಳು. ಸುಂದರಬಾಯಿ ಕೂರಲಿಲ್ಲ.

“ಫೋನ್ ಬಂದಿದ್ದು ನಾ ಅವರಿಗಿ ಹೇಳಲಿಲ್ಲ. ಬೇಕಂತೇ ಹೇಳಲಿಲ್ಲ.”

ಮಾದೇವಿಯ ಕೈ ನಿಂತಿತು. “ಅಣ್ಣ ನಂಗೆ ಅದ ಹೇಳಲಿಲ್ಲ. ಡ್ಯೂಟಿ ಇತ್ತು, ಸುದ್ದಿ ಮುಟ್ಟಲಿಲ್ಲ ಅಂದ.” ಆಮೇಲೆ ಕೇಳಿದಳು, “ಎಂತಕ್ಕೆ ಹಂಗೆ ಮಾಡಿದ್ರಿ?”

“ನನಗ ಈ ಊರು ಅಂದ್ರ ಆಗ್ತಿರಲಿಲ್ಲ. ನೋಡಿರಲಿಲ್ಲ, ಆದರೂ ಆಗ್ತಿರಲಿಲ್ಲ. ನಿಮ್ಮನ್ನ ಕಂಡರೂ ಆಗ್ತಿರಲಿಲ್ಲ.”

“ವಸ್ತಿ ಬಸ್ಸಿನ ಶಬ್ದ ಕೇಳ್ದಾಗೆಲ್ಲ ಅಪ್ಪ ತಲೆ ಎತ್ತಿ ಬಾಗಿಲ ಕಡೆ ನೋಡ್ತಿದ್ದ” ಎಂದಳು ಮಾದೇವಿ. ಇಷ್ಟು ಹೇಳಿ ಮತ್ತೆ ಕಾಯಿ ತುರಿಯತೊಡಗಿದಳು. ಪರವಾಗಿಲ್ಲ ಎನ್ನಲಿಲ್ಲ. ಸುಂದರಬಾಯಿ ಅಲ್ಲೇ ನಿಂತಿದ್ದಳು. ತುರಿ ಮುಗಿದ ಮೇಲೆ ಮಾದೇವಿ ತಲೆ ಎತ್ತದೆ ಎರಡನೆಯ ಕಾಯಿಯ ಹೋಳನ್ನು ಅವಳ ಕಡೆ ಸರಿಸಿದಳು. ಸುಂದರಬಾಯಿ ಕೂತು ತುರಿದಳು.

ಅವರು ಅಲ್ಲಿ ನಾಲ್ಕು ದಿನ ಇದ್ದರು. ಮಾದೇವಿ ಬಡಿಸಿದಳು, ಮಾತು ಕಡಿಮೆ ಆಡಿದಳು. ಕೊನೆಯ ಸಂಜೆ ಮಾತ್ರ ಸುಂದರಬಾಯಿಯನ್ನು ಹೊಳೆಯ ಬಾಯಿಗೆ ಕರೆದುಕೊಂಡು ಹೋಗಿ ಅಪ್ಪನ ದೋಣಿ ತೋರಿಸಿದಳು. ಗಾಳಿಮರದ ಕೆಳಗೆ ಮಗುಚಿ ಹಾಕಿದ್ದ ಅದರ ಅಡಿಯಲ್ಲಿ ಏಡಿಗಳು ಓಡಾಡುತ್ತಿದ್ದವು. ಹಳೆಯ ಬಂದರ ಎಲ್ಲಿತ್ತು, ಹೊಳೆ ಯಾವ ಕಡೆಯಿಂದ ಯಾವ ಕಡೆಗೆ ಸರಿಯಿತು ಎಂದು ಮಾದೇವಿ ಕೈ ಮಾಡಿ ತೋರಿಸಿದಳು. ಅಪ್ಪ ಹೇಳುತ್ತಿದ್ದ ಇನ್ನೊಂದು ಸಂಗತಿಯನ್ನೂ ಹೇಳಿದಳು. ಮಚವೆಗಳು ಬರುವುದು ನಿಂತ ವರ್ಷ ಊರಿನ ಅರ್ಧಕ್ಕರ್ಧ ಗಂಡಸರು ಮುಂಬಯಿಯ ಹಡಗುಕಟ್ಟೆಗೆ ಕೆಲಸಕ್ಕೆ ಹೋದರಂತೆ, ಹೆಂಗಸರು ಆಗರದಲ್ಲಿ ಉಪ್ಪು ಎಳೆದು ಮನೆ ನಡೆಸಿದರಂತೆ.

“ಇದೊಂದು ಅವರು ನನಗ ಹೇಳೇ ಇಲ್ಲ” ಎಂದಳು ಸುಂದರಬಾಯಿ.

“ಅಪ್ಪ ಅದ ಗಂಡಸರಿಗೆ ಹೇಳ್ತಿರಲಿಲ್ಲ” ಎಂದಳು ಮಾದೇವಿ.

ತಿರುಗಿ ಬಂದ ಮೇಲೆ ಕಾಶಿರಾಮ ನಿಧಾನವಾಗಿ ಮಾತಿಗೆ ಬಂದ. ಮೊದಲಿನಷ್ಟಿಲ್ಲ. ಬೊಮ್ಮಯ್ಯನ ಹೆಸರು ಬಂದಲ್ಲಿ ಈಗಲೂ ತಡೆಯುತ್ತಾನೆ. ಆಗ ಸುಂದರಬಾಯಿ ತಲೆ ತಗ್ಗಿಸುತ್ತಾಳೆ, ಅದಕ್ಕೆ ಅವಳ ಬಳಿ ಬೇರೆ ಉಪಾಯವಿಲ್ಲ. ಆ ಊರು ನೋಡಿ ಬಂದ ಮೇಲೆ ಹೊಟ್ಟೆಕಿಚ್ಚು ಹೋಯಿತೇ ಎಂದು ಅಕ್ಬರಿ ಕೇಳಿದಾಗ, “ಜಾಸ್ತಿ ಆಗ್ಯಾದ” ಎಂದಳು.

ಈ ವರ್ಷ ಆಮೆ ತತ್ತಿ ಇಡುವ ಹೊತ್ತಿಗೆ ಬರುತ್ತೀರಾ ಎಂದು ಮಾದೇವಿ ಕೇಳಿ ಕಳಿಸಿದ್ದಾಳೆ. ಕಾಶಿರಾಮನಿಗೆ ರಜೆ ಸಿಗುವುದು ಒಂದು ವಾರ ತಡವಾಗಿ. ಸುಂದರಬಾಯಿ ಮನೀಷಾಳ ಕೈಗೆ ಗಿರಣಿಯ ಕೀಲಿ ಕೊಟ್ಟು, ಗಂಡನಿಗಿಂತ ಮುಂದೆ ತಾನೊಬ್ಬಳೇ ಹೊರಟಳು. ಬಸ್‌ಸ್ಟ್ಯಾಂಡಿನಲ್ಲಿ ಅವನು ಕಿಟಕಿಯ ಸರಳು ಹಿಡಿದು ನಿಂತಿದ್ದ.

“ನಾ ಬರೂತನಕ ಆಮಿ ನೋಡಾಕ ಹೋಗಬ್ಯಾಡ. ಕೂಡೇ ನೋಡಮು.”

“ಬಂದ್ರ ನೋಡ್ತೀನ್ರಿ” ಎಂದಳು ಸುಂದರಬಾಯಿ. “ಅವುಕ್ಕ ನಿಮ್ಮ ರಜಾ ಗೊತ್ತದನು?”

ಬಸ್ಸು ಹೊರಟಿತು. ಕಾಶಿರಾಮ ಮುಖ ಸಣ್ಣದು ಮಾಡಿಕೊಂಡು ಅಲ್ಲೇ ನಿಂತಿದ್ದ. ಸುಂದರಬಾಯಿ ತಿರುಗಿ ನೋಡಿದಳು, ನೋಡಿ ಸೆರಗು ಸರಿ ಮಾಡಿಕೊಂಡು ಕೂತಳು.