ನೀರು ಬಿಟ್ಟ ಕಾಲದ ಮಜ್ಜಿಗೆ

ಮದಲೂರು ಕೆರೆಯ ನೀರುಗಂಟಿ ಓಬಳಯ್ಯನಿಗೆ ಮಜ್ಜಿಗೆ ಅಂದರೆ ಪ್ರಾಣ. ಮನೆಯಲ್ಲಿ ಕೂತರೆ ಎರಡು ಚೊಂಬು ಲೆಕ್ಕಕ್ಕೇ ಇಲ್ಲ. ಆದರೆ ತೂಬು ಎತ್ತಿ ಗದ್ದೆಗೆ ನೀರು ಬಿಟ್ಟನೆಂದರೆ, ಕೊಯ್ಲು ಹತ್ತಿರವಾಗಿ ಅದನ್ನು ಪೂರಾ ಮುಚ್ಚುವ ತನಕ, ಕೆರೆಯ ಕೆಳಗೆ ಗದ್ದೆಯಿದ್ದ ಯಾರ ಮನೆಯಲ್ಲೂ ಒಂದು ಗುಟುಕು ಮುಟ್ಟುತ್ತಿರಲಿಲ್ಲ. ಅವನಪ್ಪನೂ ಅಷ್ಟೇ, ಅಜ್ಜನೂ ಅಷ್ಟೇ. ಉಂಡ ಮನೆಯವರಿಗೆ ಒಂದು ಗಳಿಗೆ ನೀರು ಹೆಚ್ಚು ಹರಿಸಿದ ಅನ್ನುವ ಮಾತು ಹುಟ್ಟಿದರೆ ಮುಗಿಯಿತಲ್ಲ! ಆ ಮನೆತನಕ್ಕಿದ್ದದ್ದು ಗುಡ್ಡದ ಕಡೆ ಒಂದು ಹೊಲ. ಕೆರೆಯ ಕೆಳಗೆ ಅಂಗೈಯಗಲ ಗದ್ದೆಯೂ ಇರಕೂಡದೆಂಬುದು ಊರ ಕಟ್ಟಳೆ. ಗದ್ದೆಯಿಲ್ಲದವನಿಗೆ ಯಾರ ಗದ್ದೆಯ ಮೇಲೂ ಆಸೆಯಿರುವುದಿಲ್ಲ ನೋಡಿ. ಇಪ್ಪತ್ತೆಂಟು ವರ್ಷ ಓಬಳಯ್ಯ ಹಾಗೇ ನಡೆದುಕೊಂಡ.

ಅರವತ್ಮೂರನೇ ಇಸವಿಯಲ್ಲಿ ಸರ್ಕಾರ ಅಪ್ಪನಿಂದ ಮಗನಿಗೆ ಬರುತ್ತಿದ್ದ ಹಳ್ಳಿಯ ಹುದ್ದೆಗಳನ್ನೆಲ್ಲ ರದ್ದು ಮಾಡಿತು. ಮರುವರ್ಷ ಕಾರ್ತಿಕದಲ್ಲಿ ತೋವಿನಕೆರೆ ಕಡೆಯ ಲಕ್ಷ್ಮಯ್ಯ ಖಾಕಿ ಅಂಗಿ ತೊಟ್ಟು ಬಂದು, ಇನ್ನು ತೂಬು ನೋಡಿಕೊಳ್ಳುವವನು ತಾನೆಂದು ಆದೇಶದ ಕಾಗದ ತೋರಿಸಿದ. ಓಬಳಯ್ಯ ತೂಬೆತ್ತುವ ಹಾರೆಯನ್ನಷ್ಟೇ ಅವನ ಕೈಗಿತ್ತು, ಮನೆಗೆ ಬಂದು ಮಗ್ಗುಲಾದ. ಅವನಿಗೆ ಉರಿದುಹೋಗಿತ್ತು.

ಅದೇ ವಾರ ಅಸ್ಗರ್ ಬಂದ. ಶಿರಾದ ಅತ್ತರಿನ ಅಂಗಡಿ ಹಬೀಬ್ ಸಾಬರ ಮಗ; ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದ. ಹಳ್ಳಿಯ ಕಸುಬುಗಳು ಹೇಗೆ ಬದಲಾಗುತ್ತಿವೆ, ಊರಿನ ಆಡಳಿತ ಹೇಗೆ ನಡೆಯುತ್ತಿದೆ ಎಂದು ಪ್ರಬಂಧ ಬರೆಯಬೇಕಿತ್ತಂತೆ. ಅಚ್ಚು ಹಾಕಿಸಿದ ಫಾರಂ ಹಿಡಿದು ಮನೆಮನೆ ಸುತ್ತುತ್ತ ಓಬಳಯ್ಯನ ಜಗಲಿಗೂ ಬಂದ. ಹೆಸರು, ವಯಸ್ಸು ಎಲ್ಲ ಸಲೀಸಾಗಿ ಆಯಿತು. ‘ಈಗಿನ ಕಸುಬು’ ಎಂಬಲ್ಲಿಗೆ ಬಂದಾಗ ಹೆಂಡತಿ ದಾಸಮ್ಮ ಒಳಗಿನಿಂದಲೇ ನೀರುಗಂಟಿ ಅಂತ ಬರೆಯಲು ಹೇಳಿದಳು.

“ಸುಮ್ಕಿರಮ್ಮಿ,” ಅಂದ ಓಬಳಯ್ಯ. “ಅದೊಂದು ಖಾಲಿ ಬುಡಿ ಸಾಬ್ರೆ.”

ಲಕ್ಷ್ಮಯ್ಯ ಕೆಟ್ಟವನಲ್ಲ. ಬೆಳಿಗ್ಗೆ ತೂಬು ಎತ್ತುವುದು, ಸಂಜೆ ಮುಚ್ಚುವುದು, ಎಲ್ಲ ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದ. ಒಂದು ಮಧ್ಯಾಹ್ನ, ತೂಬಿನ ಪಕ್ಕದಲ್ಲೇ ಗದ್ದೆಯಿದ್ದ ದೊಡ್ಡ ರೈತ ಚನ್ನಮಲ್ಲಯ್ಯ ಊಟಕ್ಕೆ ಕರೆದರು. ಊರಿಗೆ ಹೊಸಬ, ಹಸಿದ ಹೊಟ್ಟೆ. ಪಾಪ, ಹೋಗಿ ಚೆನ್ನಾಗಿ ಉಂಡ.

ಸಂಜೆಯೊಳಗೆ, ಕಾಲುವೆಯ ತುದಿಯಲ್ಲಿ ಕೊನೆಗೆ ನೀರು ಕಾಣುವ ಕೊನೆಗದ್ದೆಯವರಿಗೆಲ್ಲ ಸುದ್ದಿ ಮುಟ್ಟಿತು. ಬೆಳಗಾದಾಗ ನಲವತ್ತು ಜನ ತೂಬಿನ ಸುತ್ತ ಕೂತುಬಿಟ್ಟಿದ್ದರು. ಉಂಡವನ ಕೈಯ ನೀರು ಬೇಡ, ಓಬಳಯ್ಯನೇ ಬರಬೇಕು ಎಂದು ಹಠ. ಅಸ್ಗರ್ ಪೆನ್ನು ಬಿಚ್ಚಿ ಓಡಿದ. ನಿಮ್ಮ ಮುಖಂಡರು ಯಾರು ಎಂದು ಕೇಳಿದರೆ ಪ್ರತಿಯೊಬ್ಬನೂ ಪಕ್ಕದವನನ್ನು ತೋರಿಸಿದ. ಕಚೇರಿಯಿಂದ ಬಂದವರು ಬುದ್ಧಿ ಹೇಳಿ, ಗದರಿಸಿ, ಬರಿಗೈಲಿ ಹೋದರು. ಹೀಗೆ ಮೂರು ದಿನ ತೂಬು ಏಳಲಿಲ್ಲ.

ಮೂರನೆಯ ಸಂಜೆ ಕೊನೆಗದ್ದೆಯ ಅಡವಯ್ಯ ಓಬಳಯ್ಯನ ಮನೆಗೆ ಬಂದು, ನೀನು ಹೂಂ ಅನ್ನು, ನಿನ್ನನ್ನು ವಾಪಸ್ ತೆಗೆದುಕೊಳ್ಳುವವರೆಗೂ ನಾವು ಮೇಲೇಳುವುದಿಲ್ಲ ಎಂದ. ದಾಸಮ್ಮನ ಮುಖ ಅರಳಿತು. ಸುಳ್ಳೇಕೆ ಹೇಳಲಿ, ಓಬಳಯ್ಯನಿಗೂ ಒಳಗೊಳಗೇ ಹಿಗ್ಗಾಯಿತು. ಒಂದು ಮಾತು ಆಡಿದರೆ ಹಾರೆ ತನ್ನ ಕೈಗೆ ಬರುತ್ತದೆ. ಬೆಳಿಗ್ಗೆ ಹೇಳುತ್ತೇನೆ ಎಂದು ಕಳಿಸಿದ.

ಬೆಳಿಗ್ಗೆ ಕೆರೆಯ ಏರಿಗೆ ಹೊರಟವನು ದಾರಿಯಲ್ಲಿ ಅಡವಯ್ಯನ ಗದ್ದೆಗೆ ಇಳಿದ. ಭತ್ತ ಹಾಲುಗಾಳಾಗುವ ಕಾಲ. ಬುಡದ ಮಣ್ಣು ಬಿರಿದಿತ್ತು. ಒಂದು ಕಾಳು ಹಿಸುಕಿ ನೋಡಿದ, ಬೆರಳು ಒದ್ದೆಯಾಗಲಿಲ್ಲ. ಕಚೇರಿಯವರು ಮನಸ್ಸು ಬದಲಿಸುವ ಹೊತ್ತಿಗೆ ಇಲ್ಲಿ ಬರೀ ಹುಲ್ಲು ಉಳಿಯುತ್ತದೆ ಎಂದು ಅವನಿಗೆ ಗೊತ್ತಾಯಿತು.

ತೂಬಿನ ಹತ್ತಿರ, ಕೂತವರಿಂದ ಆಚೆ, ಲಕ್ಷ್ಮಯ್ಯ ಹಾರೆ ಹಿಡಿದು ಒಬ್ಬನೇ ನಿಂತಿದ್ದ. ಓಬಳಯ್ಯ ಅವನನ್ನೇ ಕೇಳಿದ.

“ನೀರು ಬುಟ್ಟಾಗ ಯಾರ ಮನೇಲೂ ಉಣ್ಬಾರ್ದು ಅಂತ ಗೊತ್ತಿರ್ಲಿಲ್ವೇನಪ್ಪ?”

“ಇಲ್ಲ ಅಣ್ಣ. ಕಾಗ್ದದಾಗೆ ಅದು ಬರ್ದಿಲ್ಲ.”

ಓಬಳಯ್ಯ ಕೂತವರ ಕಡೆ ತಿರುಗಿದ. “ಇವ್ನಿಗೆ ಹೇಳ್ಬೇಕಾಗಿದ್ದೋನು ನಾನು. ಸಿಟ್ಟು ಮಾಡ್ಕಂಡು ಮನೇಲಿ ಮಲಗ್ದೆ, ತಪ್ಪು ನಂದೇಯ. ನಮಗೆ ಈ ಕೆರೆ ಕೆಳಗೆ ಗದ್ದೆ ಇಲ್ಲ. ಇವತ್ತಿಂದ ಇವ್ನ ಊಟ ನಮ್ಮನೇದು. ಎದ್ದೇಳಿ, ನೀರು ಹೋಗ್ಲಿ.”

“ನಿನ್ ಕೆಲ್ಸ?” ಅಂದ ಅಡವಯ್ಯ.

“ಪೈರು ಒಣಗಿದ್ಮ್ಯಾಲೆ ಹಂಚೋಕೆ ಏನೈತೆ ಕಣ್ಲಾ?”

ಒಬ್ಬೊಬ್ಬರಾಗಿ ಎದ್ದರು. ತೂಬು ಎತ್ತಿದವನು ಲಕ್ಷ್ಮಯ್ಯ. ಮೊದಲು ಕೊನೆಗದ್ದೆಗೆ ಬಿಡು ಎಂದಷ್ಟೇ ಹೇಳಿ ಓಬಳಯ್ಯ ಮನೆಗೆ ಬಂದ. ದಾಸಮ್ಮ ಆ ದಿನ ಅವನೊಂದಿಗೆ ಮಾತು ಬಿಟ್ಟಳು. ಆದರೂ ಬುತ್ತಿಗೆ ಒಂದು ಮುದ್ದೆ ಹೆಚ್ಚಿಗೆ ಕಟ್ಟಿದಳು.

ಹದಿನೈದು ದಿನ ಕಳೆದಿರಬೇಕು. ಮಧ್ಯಾಹ್ನದ ಬಿಸಿಲಲ್ಲಿ ಹೊಲದಿಂದ ಬರುತ್ತಿದ್ದ ಓಬಳಯ್ಯನನ್ನು ಚನ್ನಮಲ್ಲಯ್ಯನವರ ಹೆಂಡತಿ ನಾಗರತ್ನಮ್ಮ ಕೂಗಿ ಜಗಲಿಯ ಮೇಲೆ ಕೂರಿಸಿ, ಮಜ್ಜಿಗೆಯ ಚೊಂಬು ಮುಂದಿಟ್ಟರು. ಬಾಯಿ ತಾನಾಗಿಯೇ ಹೇಳಿತು.

“ಬ್ಯಾಡ ಕಣವ್ವ, ನೀರು ಬುಟ್ಟೈತೆ.”

“ನಿನಗೆ ಈಗೇನು ಅಡ್ಡಿಯಪ್ಪ? ಕುಡಿ,” ಎಂದರು ಆಕೆ. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಹೌದಲ್ಲ, ಏನು ಅಡ್ಡಿ? ಓಬಳಯ್ಯ ಚೊಂಬೆತ್ತಿ ಕುಡಿದ. ಇಂಗು, ಕರಿಬೇವು ಹಾಕಿ ಹದವಾಗಿ ಮಾಡಿದ ಮಜ್ಜಿಗೆ. ಅರ್ಧಕ್ಕೆ ಬರುವಷ್ಟರಲ್ಲಿ ದುಃಖ ಒತ್ತರಿಸಿ ಬಂತು, ಚೊಂಬು ಕೆಳಗಿಟ್ಟ.

ಅದೇ ಹೊತ್ತಿಗೆ ಮೈಸೂರಿಗೆ ಹೊರಟಿದ್ದ ಅಸ್ಗರ್ ಅವನನ್ನು ಹುಡುಕಿಕೊಂಡು ಬಂದ. ಫಾರಂ ತೆಗೆದು, ಇದೊಂದು ಖಾಲಿ ಉಳಿದಿದೆ ಓಬಳಣ್ಣ, ಏನು ಬರೆಯಲಿ ಎಂದು ಮೆಲ್ಲಗೆ ಕೇಳಿದ. ಓಬಳಯ್ಯ ಟವಲಿನಿಂದ ಕಣ್ಣೊರೆಸಿಕೊಂಡ.

“ನೀರು ಬುಟ್ಟಿರೋ ಕಾಲ್ದಾಗೆ ಮಜ್ಜಿಗೆ ಕುಡ್ದೆ ಸಾಬ್ರೆ. ಇನ್ ಏನಾರ ಬರ್ಕಳಿ, ನೀರುಗಂಟಿ ಅಂತ ಮಾತ್ರ ಬ್ಯಾಡ.”