ಹಡಗಿನ ಪೆಟ್ಟಿಗೆಯ ಒತ್ತೆ

ನಮ್ಮಣ್ಣನದು ಕೊಟ್ಟೂರಿನಲ್ಲಿ ಗಿರವಿ ಅಂಗಡಿ. ಬಂಗಾರ, ಬೆಳ್ಳಿ, ತಾಮ್ರದ ಹಂಡೆ, ಕೆಲವೊಮ್ಮೆ ಹೊಲಿಗೆ ಮಷೀನು, ಜನ ಏನು ಹೊತ್ತು ತಂದರೂ ಒತ್ತೆ ಇಟ್ಟುಕೊಂಡು ಸಾಲ ಕೊಡುತ್ತಿದ್ದ. ಬರೀ ಮಾತಿನ ಮೇಲೆ ಒಂದು ರೂಪಾಯಿ ಕೊಟ್ಟವನಲ್ಲ. "ಮನುಷ್ಯ ಸಾಯ್ತಾನ, ಇಲ್ಲಾ ಊರು ಬಿಡ್ತಾನ. ಹಂಡೆ ಎಲ್ಲಿಗೂ ಹೋಗಂಗಿಲ್ಲ" ಎನ್ನುವುದು ಅವನ ವೇದಾಂತ. ಬ್ಯಾಂಕನ್ನು ನಂಬುತ್ತಿರಲಿಲ್ಲ, ಚೀಟಿಯನ್ನಂತೂ ಮೊದಲೇ ಇಲ್ಲ. ಹೆಂಡತಿಯ ಮೇಲಿನ ನಂಬಿಕೆಯೂ ಅಷ್ಟಕ್ಕಷ್ಟೆ. ಇಂಥ ಬುದ್ಧಿವಂತ ಮೋಸ ಹೋದ. ಒತ್ತೆ ಅಂದರೇನು ಅಂತ ಗೊತ್ತಿಲ್ಲದ ದಡ್ಡನಾಗಿದ್ದರೆ ಹೋಗುತ್ತಿರಲಿಲ್ಲ.

ಅವನು ಮೋಸ ಹೋದದ್ದು ನನ್ನ ದುಡ್ಡಿನಲ್ಲಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನನ್ನು ಹರಪನಹಳ್ಳಿಗೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ತಂದು ಅದೇ ಮನೆಯಲ್ಲಿ ಇಟ್ಟುಕೊಂಡ. ಹಿರಿಯರು ಕೂತು ಪಂಚಾಯ್ತಿ ಮಾಡಿ, ನನ್ನ ಕೈಗೆ ಒಂದಿಷ್ಟು ಗಂಟು ಕೊಡಿಸಿ, ಬಸ್ಸು ಹತ್ತಿಸಿದರು. ಆ ದುಡ್ಡಿನಲ್ಲಿ ಕೊಟ್ಟೂರಿನ ಹೊರಗೆ, ಕೂಡ್ಲಿಗಿ ರಸ್ತೆಯ ಕಡೆ, ಸಣ್ಣದೊಂದು ಜಾಗ ತೆಗೆದುಕೊಂಡೆ. ಉಳಿದದ್ದು ಮನೆ ಕಟ್ಟಲಿಕ್ಕೆ. ಮನೆ ಅಂದರೆ ಒಂದು ಕೋಣೆ, ಒಂದು ಒಲೆ, ಒಂದು ಬಚ್ಚಲು. ಅದಕ್ಕಿಂತ ಹೆಚ್ಚು ನಾನು ಯಾವ ದೇವರನ್ನೂ ಕೇಳಿರಲಿಲ್ಲ.

ಅಲ್ಲಿಯವರೆಗೆ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿದ್ದೆ, ಊರವರ ಹಂಡೆಗಳ ನಡುವೆ. ಖಡಕ್ ರೊಟ್ಟಿ ಬಡಿದು ಮಾರುತ್ತಿದ್ದೆ. ನಾನು ಬಡಿದದ್ದನ್ನು ಅತ್ತಿಗೆ ಎಣಿಸುತ್ತಿರಲಿಲ್ಲ, ನಾನು ತಿಂದದ್ದನ್ನು ಎಣಿಸುತ್ತಿದ್ದಳು. ಬಾಯಿ ಬಿಟ್ಟು ಏನೂ ಅನ್ನುತ್ತಿರಲಿಲ್ಲ. ನನ್ನ ತಟ್ಟೆಗೆ ರೊಟ್ಟಿ ಹಾಕುವಾಗ ತುಟಿ ಮಾತ್ರ ಅಲ್ಲಾಡುತ್ತಿತ್ತು.

ಚಿಗಟೇರಿಯ ಮೇಸ್ತ್ರಿ ಬಂದು ನನ್ನ ಜಾಗದಲ್ಲಿ ಸುಣ್ಣದ ಗೆರೆ ಎಳೆದು ಹೋದ. ಅಡಿಪಾಯ ಅಗೆಯುವುದೊಂದೇ ಬಾಕಿ. ಅಷ್ಟರಲ್ಲಿ ಅಣ್ಣ ಒಂದು ದಿನ ಊಟವಾದ ಮೇಲೆ ಫೋನು ಹಿಡಿದುಕೊಂಡು ನನ್ನ ಕೋಣೆಗೆ ಬಂದ. ನೀಲಿ ಬಣ್ಣದ ದೊಡ್ಡ ಕಬ್ಬಿಣದ ಪೆಟ್ಟಿಗೆಯ ಫೋಟೋ ತೋರಿಸಿದ.

"ಇದು ಕಂಟೇನರು. ಹಡಗಿನಾಗ ಮಾಲು ತುಂಬಿ ಕಳಿಸ್ತಾರಲ್ಲ, ಆ ಡಬ್ಬಿ. ಒಬ್ಬಾತ ಇಂಥವನ್ನ ಕೊಂಡು ಹಡಗಿನೋರಿಗೆ ಬಾಡಿಗಿ ಕೊಡ್ತಾನ. ಕೊಳ್ಳಾಕ ಅವ್ನಿಗೆ ರೊಕ್ಕ ಬೇಕು. ಈ ಆ್ಯಪಿನಾಗ ನಮ್ಮಂಥೋರು ಕೊಡ್ತೀವಿ. ತಿಂಗ್ಳಾ ಬಡ್ಡಿ ಬರ್ತತಿ. ಬಡ್ಡಿ ನಿಂತ್ರ ಡಬ್ಬಿ ನಮ್ದು. ಹಂಡೆ ಒತ್ತಿ ಇಟ್ಕಂಡಂಗ ತಂಗಿ, ಅಷ್ಟ. ಹಂಡೆ ಸ್ವಲ್ಪ ದೊಡ್ಡದು."

"ಹಂಡೆ ನಿನ್ನ ಅಟ್ಟದ ಮ್ಯಾಲ ಇರ್ತತಿ. ಇದು ಎಲ್ಲಿ ಐತಿ?"

"ಸಮುದ್ರದಾಗ."

"ಸಮುದ್ರದ ಕೀಲಿಕೈ ಯಾರ ಹತ್ರ ಐತಿ?"

ಅವನು ನಕ್ಕ. "ಒಂದ ವರ್ಷ ತಡಿ. ಬಡ್ಡಿಯಾಗ ನಿನ್ನ ಮನಿಗೆ ಮ್ಯಾಲೊಂದು ಮಾಳಿಗಿ ಎಬ್ಬಿಸ್ತೀನಿ."

ಕೊಡಲಾರೆ ಅನ್ನಬೇಕಿತ್ತು. ಅಣ್ಣನ ಸೂರಿನ ಕೆಳಗೆ ಮಲಗಿ, ಅಣ್ಣನ ಜೋಳ ತಿಂದು, ಅಣ್ಣನಿಗೆ ಇಲ್ಲ ಅನ್ನುವ ಧೈರ್ಯ ಯಾವ ಹೆಣ್ಣಿಗಿದೆಯೋ ನನಗೆ ಗೊತ್ತಿಲ್ಲ. ಕೊಟ್ಟೆ. ಅವನು ಅದನ್ನು ತನ್ನ ಹೆಸರಿನಲ್ಲೇ ಹಾಕಿದ. ನಿನಗೆ ಇಂಗ್ಲಿಷ್ ಬರುವುದಿಲ್ಲ ಅಂದ, ತನಗೆ ಬಂದವನ ಹಾಗೆ.

ಬಡ್ಡಿ ಬಂತು, ಸುಳ್ಳು ಹೇಳಬಾರದು. ಬಂದ ಬಡ್ಡಿಯನ್ನು ನನಗೆ ತೋರಿಸಿ ಮತ್ತೆ ಅಲ್ಲಿಗೇ ಹಾಕುತ್ತಿದ್ದ. ಬೆಳಗಾದರೆ ಫೋನು ತೆರೆದು, ನಮ್ಮ ಡಬ್ಬಿ ಇವತ್ತು ಕೊಲಂಬೋದಲ್ಲಿದೆ, ನಾಳೆ ಸಿಂಗಾಪುರಕ್ಕೆ ಹೋಗುತ್ತದೆ ಅಂತ, ಮಗಳು ಗಂಡನ ಮನೆ ಮುಟ್ಟಿದ ಸುದ್ದಿ ಹೇಳುವವನ ಹಾಗೆ ಗಿರಾಕಿಗಳಿಗೆ ಹೇಳುತ್ತಿದ್ದ. ಆಯುಧಪೂಜೆಯ ದಿನ ಆ ಪೆಟ್ಟಿಗೆಯ ಫೋಟೋಕ್ಕೆ ಕಟ್ಟು ಹಾಕಿಸಿ, ಮೂರು ಬೆರಳಿನಿಂದ ವಿಭೂತಿ ಎಳೆದು, ಚೆಂಡು ಹೂವಿನ ಮಾಲೆ ಹಾಕಿ, ತಕ್ಕಡಿಯ ಪಕ್ಕ ಇಟ್ಟು ಪೂಜೆ ಮಾಡಿದ. ನಾನೇ ಕಾಯಿ ಒಡೆಯಲು ಕೊಟ್ಟೆ. ನನ್ನ ಜಾಗದ ಸುಣ್ಣದ ಗೆರೆ ಒಂದು ಮಳೆಗೆ ಅಳಿಸಿ ಹೋಯಿತು. ಮೇಸ್ತ್ರಿ ಬಂದು ಇನ್ನೊಂದು ಸಲ ಎಳೆದ.

ಆಮೇಲೆ ಬಡ್ಡಿ ನಿಂತಿತು. ಮೊದಲು ಆ್ಯಪು ದುರಸ್ತಿಯಲ್ಲಿದೆ ಅಂತ ಬಂತು. ಅಣ್ಣ ಫೋನು ಮಾಡಿದರೆ ಒಬ್ಬಳು ಹುಡುಗಿ ಹಿಂದಿಯಲ್ಲಿ ಸಮಾಧಾನ ಹೇಳುತ್ತಿದ್ದಳು, ಕೊನೆಗೆ ಅವಳೂ ಎತ್ತುವುದು ಬಿಟ್ಟಳು. ಡಬ್ಬಿ ಬಾಡಿಗೆ ಕೊಡುತ್ತಿದ್ದವನು ದಿವಾಳಿ ಎದ್ದಿದ್ದ. ಬೇಕಾದವರು ದುಡ್ಡಿನ ಬದಲು ಡಬ್ಬಿಯನ್ನೇ ಚೆನ್ನೈ ಬಂದರಿನಿಂದ ತೆಗೆದುಕೊಂಡು ಹೋಗಬಹುದು ಅಂತ ಕಡೆಯ ಸುದ್ದಿ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಅಂತ ನಾನು ಅಳುತ್ತಾ ಕೂತರೆ, ಅಣ್ಣ ಎದೆ ಉಬ್ಬಿಸಿಕೊಂಡು ಓಡಾಡಿದ. "ನಾ ಹೇಳಿದ್ನಲ್ಲ? ರೊಕ್ಕ ಹೋದ್ರೂ ವಸ್ತು ಬರ್ತತಿ."

ವಸ್ತು ಬಂತು. ಉದ್ದನೆಯ ಲಾರಿಯ ಮೇಲೆ ಮಲಗಿಕೊಂಡು, ನಮ್ಮ ಓಣಿಯಲ್ಲಿ ತಿರುಗಲಾರದೆ, ಎರಡು ಮನೆಯ ಕಟ್ಟೆ ಕಿತ್ತು, ಊರ ಹೊರಗೆ ನನ್ನ ಜಾಗಕ್ಕೆ ಬಂತು. ಹಗರಿಬೊಮ್ಮನಹಳ್ಳಿಯಿಂದ ತರಿಸಿದ ಕ್ರೇನು ಅದನ್ನು ಎತ್ತಿ ಸುಣ್ಣದ ಗೆರೆಯ ಮೇಲೆಯೇ ಇಳಿಸಿತು. ನೋಡಲು ಅರ್ಧ ಊರು ನೆರೆದಿತ್ತು. ಲಾರಿ ಬಾಡಿಗೆಯನ್ನು ನನ್ನ ಲೆಕ್ಕಕ್ಕೆ ಹಾಕಿದ್ದೇನೆ ಅಂತ ಅಣ್ಣ ಎಲ್ಲರೆದುರು ಹೇಳಿದ.

"ಮನಿ ಬೇಕು, ಮನಿ ಬೇಕು ಅಂತಿದ್ದೆಲ್ಲ. ತಗ."

ಬಾಗಿಲು ತೆಗೆದರು. ಒಳಗಿನಿಂದ ಒಣಮೀನಿನ ವಾಸನೆ ಹೊರಗೆ ಬಂತು. ನಮ್ಮ ಲಿಂಗಾಯತರ ಓಣಿಯಲ್ಲಿ ತಿಪ್ಪೆಯ ಮೇಲೆ ಮೊಟ್ಟೆಯ ಸಿಪ್ಪೆ ಕಂಡರೆ ವಾರಗಟ್ಟಲೆ ವಿಚಾರಣೆ ನಡೆಯುತ್ತದೆ. ಸಿಂಗಾಪುರಕ್ಕೆ ಹೋಗಿ ಬಂದ ನಮ್ಮ ಮಗಳು ಯಾವ್ಯಾವ ಊರಿನ ಮೀನು ಹೊತ್ತಿದ್ದಳೋ. ಅಣ್ಣ ಟವೆಲ್ಲು ಮೂಗಿಗೆ ಒತ್ತಿಕೊಂಡು, ತಾನು ಪೂಜೆ ಮಾಡಿದ್ದ ಪೆಟ್ಟಿಗೆಯೊಳಗೆ ಒಂದು ಹೆಜ್ಜೆಯೂ ಇಡಲಿಲ್ಲ. ಜನ ನಕ್ಕರು. ನಾನೂ ನಕ್ಕುಬಿಟ್ಟೆ, ಅಳುವುದಕ್ಕಿಂತ ಅದು ಸುಲಭವಾಗಿತ್ತು.

ಸಂಜೆ ಉಂಡು ಮಲಗೋಣವೆಂದು ಅಣ್ಣನ ಮನೆಗೆ ಹೋದರೆ ನನ್ನ ಟ್ರಂಕು, ಹಾಸಿಗೆ, ರೊಟ್ಟಿಯ ಹಂಚು ಎಲ್ಲ ಕಟ್ಟೆಯ ಮೇಲಿದ್ದವು. ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು.

"ನಿನಗೂ ಒಂದು ಮನಿ ಆತಲ್ಲವ್ವ, ಚಲೋ ಆತು" ಅಂದಳು. "ಮೈಯೆಲ್ಲ ನಾರ್ತತಿ, ಒಳಗ ಬರಬ್ಯಾಡ."

ಅಣ್ಣ ಒಳಗೇ ಇದ್ದ. ಕೆಮ್ಮಿದ್ದು ಕೇಳಿಸಿತು. ಹೊರಗೆ ಬರಲಿಲ್ಲ.

ಆ ಡಬ್ಬಿಯನ್ನು ನಾನು ಹೇಗೆ ತೊಳೆದೆನೋ ನನಗೇ ಗೊತ್ತು. ಹುಣಸೆಹಣ್ಣು, ಸೆಗಣಿ, ಸುಣ್ಣ, ಬೇವಿನ ಹೊಗೆ, ಒಂದೂ ಬಿಡಲಿಲ್ಲ. ಬಾಗಿಲಿನ ಚಿಲಕ ಹೊರಗಡೆಗೆ ಮಾತ್ರ ಇತ್ತು, ಮಾಲಿಗೆ ಒಳಗಿನ ಚಿಲಕ ಯಾಕೆ ಬೇಕು. ಹಡಗಲಿಯಿಂದ ಬಂದ ವೆಲ್ಡಿಂಗಿನವನು ಒಳಗೊಂದು ಚಿಲಕ ಕೂರಿಸಿ, ಎರಡು ಕಿಟಕಿ ಕೊರೆದು, ನನ್ನ ಎರಡು ತಿಂಗಳ ರೊಟ್ಟಿಯ ದುಡ್ಡು ತೆಗೆದುಕೊಂಡು ಹೋದ. ಬೇಸಿಗೆಯಲ್ಲಿ ರೊಟ್ಟಿ ಒಣಗಿಸಲು ಬಿಸಿಲಿಗೆ ಹಾಕಬೇಕಾಗಿರಲಿಲ್ಲ, ಒಳಗೆ ಹರವಿದರೆ ಸಾಕು. ಅವುಗಳ ಜೊತೆ ನಾನೂ ಒಣಗಿದೆ. ಆದರೂ ರಾತ್ರಿ ಒಳಗಿನಿಂದ ಚಿಲಕ ಹಾಕಿಕೊಂಡಾಗ, ನನ್ನ ತಟ್ಟೆಯ ಕಡೆ ನೋಡುವವರು ಯಾರೂ ಇಲ್ಲ ಅಂತ ಅನಿಸಿ, ಹೊಟ್ಟೆ ತುಂಬ ಉಂಡೆ.

ಅಣ್ಣ ನನ್ನ ಗಂಟಿನ ಜೊತೆ ಇನ್ನೂ ಬೇರೆಯವರದನ್ನು ಸಮುದ್ರಕ್ಕೆ ಹಾಕಿದ್ದ ಅಂತ ಗೊತ್ತಾದದ್ದು ಮದುವೆಯ ಕಾಲ ಬಂದಾಗ. ಒತ್ತೆ ಇಟ್ಟವರು ಬಂಗಾರ ಬಿಡಿಸಿಕೊಳ್ಳಲು ಬಂದರು. ಬಂಗಾರ ಇರಲಿಲ್ಲ. ಅದನ್ನೆಲ್ಲ ಇನ್ನೊಂದು ಕಡೆ ಅಡವಿಟ್ಟು, ಬಂದ ದುಡ್ಡನ್ನು ಅದೇ ಆ್ಯಪಿಗೆ ಸುರಿದಿದ್ದ. ಎಲ್ಲಕ್ಕೂ ಸೇರಿ ವಾಪಸು ಬಂದದ್ದು ಈ ಒಂದೇ ಡಬ್ಬಿ. ಮಗಳ ಮದುವೆಯ ಬೋರಮಾಳ ಸರ ಕೇಳಲು ಬಂದ ಬಾಗಳಿಯ ಹೆಂಗಸೊಬ್ಬಳು ಅಂಗಡಿಯ ಮೆಟ್ಟಿಲ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತವಳು, ಮುಸ್ಸಂಜೆಯಾದರೂ ಏಳಲಿಲ್ಲ.

ಆಗ ಅಣ್ಣನಿಗೆ ನನ್ನ ಡಬ್ಬಿ ನೆನಪಾಯಿತು. ಹರಪನಹಳ್ಳಿ ಮಗ್ಗುಲಿನ ಅರಸೀಕೆರೆಯ ಕಡೆ ಡಾಬಾ ಹಾಕುವವನೊಬ್ಬನನ್ನು ಕರೆದುಕೊಂಡು ಬಂದ. ಬಂದವನು ಕಿಟಕಿ ನೋಡಿ, ಗೋಡೆ ತಟ್ಟಿ, ಬಹಳ ಚೆನ್ನಾಗಿದೆ ಅಂದ. ನಾನು ಹಂಚಿನ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಏಳಲಿಲ್ಲ.

"ನಾಳೆ ಕ್ರೇನು ಬರ್ತತಿ, ಸಾಮಾನು ತೆಗಿ" ಅಂದ ಅಣ್ಣ. "ವಸ್ತು ನನ್ನ ಹೆಸರಿನಾಗ ಐತಿ."

"ಹೆಸರು ನಿಂದ. ವಸ್ತು ನನ್ನ ಕೈಯಾಗ ಐತಿ. ನನ್ನ ರೊಕ್ಕ ತಗಂಡು ಬಾ, ಬಿಡಿಸ್ಕಂಡು ಹೋಗು."

ಡಾಬಾದವನು ಮೊದಲು ನನ್ನನ್ನು ನೋಡಿದ, ಆಮೇಲೆ ಅಣ್ಣನನ್ನು. "ನಿಮ್ಮದು ಬಗೆಹರೀಲಿ, ಆಮ್ಯಾಲ ಹೇಳ್ರಿ" ಎಂದು ಬೈಕು ಹತ್ತಿದ. ಅವತ್ತಿನಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಮರುದಿನ ಅತ್ತಿಗೆ ಬಂದಳು. ಜನ ಅಣ್ಣನನ್ನು ಬಿಡುವುದಿಲ್ಲ, ಬಡಿಯುತ್ತಾರೆ, ಡಬ್ಬಿ ಮಾರಿದರೆ ನಾಲ್ಕು ಮಂದಿಯ ಬಾಯಿಯನ್ನಾದರೂ ಮುಚ್ಚಬಹುದು ಅಂತ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ನೀರು ಕೊಟ್ಟೆ. ಉಂಡು ಹೋಗು ಅಂದೆ. ರೊಟ್ಟಿ ಹಾಕುವಾಗ ಒಂದು, ಎರಡು ಅಂತ ಗಟ್ಟಿಯಾಗಿ ಎಣಿಸಿದೆ. ಅವಳು ಎರಡನೆಯದನ್ನು ಮುಟ್ಟದೆ ಎದ್ದು ಹೋದಳು.

ಜನ ಬಡಿದದ್ದು ನಿಜ. ಸಂತೆಯ ದಿನ ನಾನು ರೊಟ್ಟಿಯ ಬುಟ್ಟಿ ಹೊತ್ತು ಅಣ್ಣನ ಮನೆಯ ಕಡೆಯಿಂದಲೇ ಹೋಗುತ್ತಿದ್ದೆ. ತಿಜೋರಿ, ಮಂಚ, ಫ್ರಿಜ್ಜು, ಒಂದೊಂದನ್ನೂ ಹೊರಗೆ ತಂದು ಟೆಂಪೋಕ್ಕೆ ಹೇರುತ್ತಿದ್ದರು. ಒಬ್ಬ ಹುಡುಗ, ಮಗನ ವಯಸ್ಸಿನವನು, ಅಣ್ಣನ ಕಪಾಳಕ್ಕೆ ಹೊಡೆದ. ಅಣ್ಣ ಜನರ ನಡುವಿನಿಂದ ನನ್ನನ್ನು ನೋಡಿದ. ನಾನು ಬುಟ್ಟಿ ಸರಿ ಮಾಡಿಕೊಂಡು ಸಂತೆಗೆ ಹೋದೆ. ಅವತ್ತು ರೊಟ್ಟಿ ಬೇಗ ಖರ್ಚಾದವು.

ಮೂರು ದಿನ ಬಿಟ್ಟು ಬೆಳಿಗ್ಗೆ ಅವನು ಬಂದ. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿದ್ದ. ಎಂದೂ ಇಲ್ಲದವನು ಡಬ್ಬಿಯ ಒಳಗೆ ಬಂದು ನೆಲದ ಮೇಲೆ ಕೂತ. ಅಂಗಿಯ ಗುಂಡಿ ಬಿಚ್ಚಿ, ಕೊರಳಿನಿಂದ ಬೆಳ್ಳಿಯ ಕರಡಿಗೆ ತೆಗೆದ. ಅದು ಅಪ್ಪ ಎದೆಯ ಮೇಲೆ ಹಾಕಿಕೊಳ್ಳುತ್ತಿದ್ದ ಕರಡಿಗೆ. ಒಳಗಿನ ಇಷ್ಟಲಿಂಗವನ್ನು ಕಣ್ಣಿಗೆ ಒತ್ತಿಕೊಂಡು, ಬಿಳಿಯ ವಸ್ತ್ರದಲ್ಲಿ ಸುತ್ತಿ, ಅದನ್ನೇ ಗಂಟು ಹಾಕಿ ಕೊರಳಿಗೆ ಕಟ್ಟಿಕೊಂಡ. ಖಾಲಿ ಕರಡಿಗೆಯನ್ನು ನನ್ನ ಮುಂದೆ ಇಟ್ಟ.

"ಇದನ್ನ ಒತ್ತಿ ಇಟ್ಕ, ಯವ್ವಾ. ಡಬ್ಬಿ ಬಿಡು. ನಿನ್ನ ರೊಕ್ಕ ಪೂರಾ ತಂದುಕೊಟ್ಟು ಬಿಡಿಸ್ಕಂತೀನಿ."

ನಾನು ಅದನ್ನು ಎತ್ತಿಕೊಂಡೆ. ಇನ್ನೂ ಅವನ ಮೈಯ ಬಿಸಿ ಇತ್ತು. ಗಿರವಿ ಅಂಗಡಿಯವರ ಮನೆಯಲ್ಲಿ ಹುಟ್ಟಿದವಳು ನಾನು, ಬೆಳ್ಳಿ ಎಷ್ಟು ತೂಗುತ್ತದೆಂದು ತಿಳಿಯಲು ತಕ್ಕಡಿ ಬೇಕಿಲ್ಲ.

"ಇದು ಬಡ್ಡಿಗೆ ಆತು" ಅಂದೆ. "ಅಸಲು?"

ಏನಾದರೂ ಬೈಯುತ್ತಾನೆಂದು ಕಾದೆ. ಅವನು ಎದ್ದು, ಬಾಗಿಲಿಗೆ ತಲೆ ತಾಗದಿದ್ದರೂ ತಲೆ ತಗ್ಗಿಸಿ, ಹೊರಗೆ ಹೋದ. ಕರಡಿಗೆ ಅಲ್ಲೇ ಉಳಿಯಿತು. ನಾನು ಕೂಗಿ ಕರೆಯಲಿಲ್ಲ.

ಈಗಲೂ ನಾನು ಈ ಕಬ್ಬಿಣದೊಳಗೇ ಇದ್ದೇನೆ. ಇಟ್ಟಿಗೆಯ ಮನೆ ಈ ಜನ್ಮದಲ್ಲಿ ಆಗಲಾರದು ಅಂತ ನನಗೂ ಗೊತ್ತು, ಅವನಿಗೂ ಗೊತ್ತು. ಅವನು ಬಟ್ಟೆಯ ಗಂಟು ಕಟ್ಟಿಕೊಂಡೇ ಊರಲ್ಲಿ ಓಡಾಡುತ್ತಾನೆ. ಕರಡಿಗೆ ಎಲ್ಲಿ ಅಂತ ಕೇಳಿದವರಿಗೆ ಪಾಲಿಶ್ ಮಾಡಿಸಲು ಕೊಟ್ಟಿದ್ದೇನೆ ಅನ್ನುತ್ತಾನಂತೆ. ನನ್ನನ್ನು ಕೇಳಿದವರಿಗೆ ನಾನು ಇದ್ದದ್ದನ್ನೇ ಹೇಳುತ್ತೇನೆ.